ಫೋನಿಗೆ ಒಂದು ಮಿರ್ಚಿ

ನವೆಂಬರ್ ೧೮, ಮಂಗಳವಾರ. ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಅಗ್ನಿಶಾಮಕ ಠಾಣೆಯ ವಾಚ್‌ರೂಮಿನಲ್ಲಿ ಇವತ್ತು ನನ್ನ ಪಾಳಿ. ಎದುರಿಗೆ ಫೋನು, ಎಡಕ್ಕೆ ವೈರ್‌ಲೆಸ್ಸು, ಬಲಕ್ಕೆ ಕರೆ ಬರೆದುಕೊಳ್ಳುವ ಪುಸ್ತಕ. ಫೋನಿನ ಪಕ್ಕದಲ್ಲಿ, ಹಳೆಯ ಪತ್ರಿಕೆಯ ತುಂಡೊಂದರ ಮೇಲೆ, ಒಂದು ಮಿರ್ಚಿ. ಪತ್ರಿಕೆಯ ಮೇಲೆ ಎಣ್ಣೆಯ ಕಲೆ ನಿಧಾನವಾಗಿ ಅಗಲವಾಗುತ್ತಿದೆ.

ಆ ಮಿರ್ಚಿ ನನ್ನದಲ್ಲ. ಫೋನಿನದು.

ಪಾಳಿಯಲ್ಲಿರುವಾಗ ಡೈರಿ ಬರೆಯಬಹುದೇ ಎಂದು ಕೇಳಬೇಡಿ. ಕರೆ ಬಂದಾಗ ಪೆನ್ನು ಹುಡುಕುವ ಕೆಲಸ ತಪ್ಪುತ್ತದೆ ಎನ್ನುವುದು ನನ್ನ ಸಮರ್ಥನೆ. ದಿನಾಂಕ, ಹೊತ್ತು, ಲೆಕ್ಕ ಇವನ್ನು ಬರೆದಿಡದಿದ್ದರೆ ನನಗೆ ಊಟ ರುಚಿಸುವುದಿಲ್ಲ. ಇದು ರೋಗವೋ ಶಿಸ್ತೋ ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇಂದು ಆದದ್ದಿಷ್ಟು. ಹೊಸದಾಗಿ ಸೇರಿರುವ ಶಿವಾನಂದ ಸಂಜೆಯ ಚಹಾಕ್ಕೆಂದು ಬಂಡಿಯವನ ಹತ್ತಿರ ಮಿರ್ಚಿ ಕಟ್ಟಿಸಿಕೊಂಡು ಬಂದ. ಪೊಟ್ಟಣ ಬಿಚ್ಚಿದ್ದೇ ತಡ, ಕಡಲೆಹಿಟ್ಟು ಮತ್ತು ಅಜವಾನದ ವಾಸನೆ ವಾಚ್‌ರೂಮಿನ ತುಂಬ ಹರಡಿತು. ನನ್ನ ಕೈ ನನ್ನನ್ನು ಕೇಳದೆಯೇ ಮೊದಲನೆಯ ಮಿರ್ಚಿ ಎತ್ತಿ ಫೋನಿನ ಮುಂದೆ ಇಟ್ಟಿತು. ಶಿವಾನಂದ ಆ ಮಿರ್ಚಿಯನ್ನೂ ನನ್ನನ್ನೂ ನೋಡಿದ.

“ಇದು ಯಾರಿಗ್ರಿ ಸರ್?”

ಫೋನಿಗೆ ಎಂದೆ. ಹಿರಿಯರಿಗೆ ತಲೆ ಸರಿಯಿಲ್ಲ ಎಂದು ಗೊತ್ತಾದಾಗ ಕಿರಿಯರು ತೋರಿಸುವ ಗೌರವವನ್ನು ತೋರಿಸಿ, ಅವನು ಚಹಾ ಎತ್ತಿಕೊಂಡು ಹೊರಗೆ ಹೋದ. ಅವನಿಗೆ ಹೇಳಬೇಕಾದದ್ದನ್ನು ನಿಮಗೆ ಹೇಳುತ್ತಿದ್ದೇನೆ. ನೀವಾದರೂ ಕೂತಿದ್ದೀರಿ.

ನಾನು ಮೊದಲು ಸೇರಿದ ಠಾಣೆಯ ಹೆಸರು ಬೇಡ. ಗದಗದಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಗೆ ಹೊರಡುವ ರಸ್ತೆಗಳಲ್ಲಿ ಯಾವುದೋ ಒಂದರ ಮೇಲೆ ಅದು ಇದೆ ಎಂದುಕೊಳ್ಳಿ. ಹೆಸರು ಹೇಳಿದರೆ ಅಲ್ಲಿಯವರು ನಾಳೆಯೇ ಬಂದು, ಎಲ್ಲರನ್ನೂ ಬರೆದು ನನ್ನೊಬ್ಬನನ್ನೇ ಬಿಟ್ಟೆಯಲ್ಲ ಎಂದು ಜಗಳ ತೆಗೆಯುತ್ತಾರೆ. ಎರಡು ಗಾಡಿ ನಿಲ್ಲುವ ಶೆಡ್ಡು, ಅದರ ಪಕ್ಕಕ್ಕೆ ವಾಚ್‌ರೂಮು, ಹಿಂದೆ ಅಡುಗೆಮನೆ, ಅಂಗಳದಲ್ಲೊಂದು ಬೇವಿನ ಮರ. ಸಂಜೆಯ ಹಾಜರಿ ಮುಗಿದ ಮೇಲೆ ಪಂಪು ಚೆನ್ನಾಗಿದೆಯೇ ಎಂದು ನೋಡಲು ಆ ಬೇವಿನ ಬುಡಕ್ಕೇ ನೀರು ಬಿಡುತ್ತಿದ್ದೆವು. ಹಾಗಾಗಿ ಸುತ್ತಲಿನ ಗಿಡಗಳೆಲ್ಲ ಏಪ್ರಿಲ್ ತಿಂಗಳಲ್ಲಿ ಬಾಡಿದರೂ ಆ ಮರ ಮಾತ್ರ ಸರಕಾರಿ ಕೆಲಸ ಸಿಕ್ಕವನ ಹಾಗೆ ದುಂಡಗಿರುತ್ತಿತ್ತು.

ಆಮೇಲೆ ವಾಲಿಬಾಲ್. ಹರಿದು ಮೂಲೆ ಸೇರಿದ ಹೋಸ್ ಪೈಪುಗಳನ್ನು ನೆಲಕ್ಕೆ ಹಾಸಿ ಅಂಕಣದ ಗೆರೆ ಮಾಡಿದ್ದೆವು. ಸೋತ ತಂಡ ಒಣಗಲು ಹಾಕಿದ ಹೋಸುಗಳನ್ನು ಸುತ್ತಿಡಬೇಕು. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೋ ಎಂದು ನಡೆದ ವಾದಗಳನ್ನು ಯಾವ ವಕೀಲನಾದರೂ ಕೇಳಿದ್ದರೆ ನಮ್ಮಲ್ಲೇ ಕಲಿಯಲು ಬರುತ್ತಿದ್ದ. ಗೆರೆಯೇ ಹೋಸ್ ಪೈಪು ಆದ್ದರಿಂದ ವಾದ ನಡೆಯುವಾಗ ಯಾರಾದರೂ ಮೆಲ್ಲಗೆ ಕಾಲಿನಿಂದ ಅದನ್ನು ಸರಿಸಿಬಿಡುತ್ತಿದ್ದರು.

ಇನ್ನೊಂದು ಪದ್ಧತಿ ಹೆಸರಿಡುವುದು. ಹೊಸಬ ಮೊದಲ ಕರೆಗೆ ಹೋಗಿ ಬಂದ ಸಂಜೆ, ಚಹಾದ ಹೊತ್ತಿಗೆ, ಆ ಕರೆಯ ಮೇಲೆಯೇ ಅವನಿಗೊಂದು ಹೆಸರು ಬೀಳುತ್ತದೆ. ಬಣವಿಗೆ ಬಿದ್ದ ಬೆಂಕಿ ಆರಿಸಿದವನು ಬಣವಿ. ಬಾವಿಗೆ ಬಿದ್ದ ಎಮ್ಮೆ ಎತ್ತಿದವನು ಎಮ್ಮಿ. ಅವನಿಗೆ ಮದುವೆಯಾಗಿ ಹೆಂಡತಿ ಠಾಣೆಗೆ ಬಂದ ದಿನ ನಾವೆಲ್ಲ ಬಹಳ ಕಷ್ಟಪಟ್ಟು ಅವನ ನಿಜವಾದ ಹೆಸರು ನೆನಪು ಮಾಡಿಕೊಂಡೆವು.

ನನ್ನ ಮೊದಲ ಕರೆ ಬಿಂಕದಕಟ್ಟಿಯಿಂದ ಬಂತು. ಮನೆಯ ಹಿಂದಿನಿಂದ ದಟ್ಟ ಹೊಗೆ ಎಂದಷ್ಟೇ ಹೇಳಿದ್ದರು. ಬಿಂಕದಕಟ್ಟಿ ಎಂದ ಕೂಡಲೇ ನನಗೆ ಅಲ್ಲಿಯ ಪ್ರಾಣಿಸಂಗ್ರಹಾಲಯ ನೆನಪಾಯಿತು. ಬೆದರಿದ ಹುಲಿಯ ಪಕ್ಕದಲ್ಲಿ ನಿಂತು ನೀರು ಹೊಡೆಯುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೋಗಿ ನೋಡಿದರೆ ಹುಲಿಯೂ ಇಲ್ಲ, ಬೆಂಕಿಯೂ ಇಲ್ಲ. ಒಬ್ಬ ಮುದುಕಿ ಹಸಿ ಹತ್ತಿಕಟ್ಟಿಗೆ ತುರುಕಿ ಹಂಡೆಯಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದಳು. ಹೊಗೆ ಪಕ್ಕದ ಮನೆಗೆ ನುಗ್ಗುತ್ತಿತ್ತು. ಎರಡು ಮನೆಗಳಿಗೂ ಮಾತಿರಲಿಲ್ಲವಾದ್ದರಿಂದ ಪಕ್ಕದವರು ನಮಗೆ ಫೋನು ಮಾಡಿದ್ದರು. ಹೆಲ್ಮೆಟ್ಟು, ಗಮ್‌ಬೂಟು, ಕೈಯಲ್ಲಿ ಹೋಸು ಹಿಡಿದು ನಿಂತ ನನ್ನನ್ನು ಮುದುಕಿ ಮೇಲಿನಿಂದ ಕೆಳಗಿನವರೆಗೆ ನೋಡಿ, ಬಹಳ ಅಂತಃಕರಣದಿಂದ ಹೇಳಿದಳು: “ದಣದು ಬಂದೀಯಪಾ. ನೀರು ಕಾದಾವ, ಜಳಕಾ ಮಾಡಿ ಹೋಗು.”

ಅಂದಿನಿಂದ ನಾನು ಹಂಡೆ. ವರ್ಗವಾಗಿ ಬಂದರೂ ಹೆಸರು ನನಗಿಂತ ಮೊದಲೇ ಇಲ್ಲಿಗೆ ಬಂದು ಮುಟ್ಟಿತ್ತು.

ಆ ಹೆಸರಿಟ್ಟವರು ಫಕ್ಕೀರಪ್ಪಣ್ಣ, ಠಾಣೆಯ ಪ್ರಮುಖ ಅಗ್ನಿಶಾಮಕ, ಬೆಳ್ಳಟ್ಟಿಯವರು. ಎಡ ಹುಬ್ಬು ಅರ್ಧ ಮಾತ್ರ ಇತ್ತು. ಉಳಿದರ್ಧ ಯಾವುದೋ ಹಳೆಯ ಬಣವಿಯ ಬೆಂಕಿಗೆ ಹೋಗಿ ಮತ್ತೆ ಬೆಳೆಯಲಿಲ್ಲ. ಅದರಿಂದಾಗಿ ಅವರು ಸಿಟ್ಟಿಗೆದ್ದಾಗಲೂ ಮುಖದ ಒಂದು ಪಕ್ಕ ನಮ್ಮ ಕಡೆಗೇ ಇರುವಂತೆ ಕಾಣುತ್ತಿತ್ತು. ಅವರ ಕಂಠ ದೊಡ್ಡದು. ಬೆಂಕಿ ಬಿದ್ದ ಕಡೆ ಮೊದಲು ಇಳಿಯುವವರೂ ಅವರೇ, ಮೊದಲು ಕೇಳುವ ಕೂಗೂ ಅವರದೇ: “ಪಬ್ಲಿಕ್ ಹಿಂದ ಸರೀರಿ!” ಶಿಗ್ಲಿಯಲ್ಲೊಮ್ಮೆ ಈ ಕೂಗಿಗೆ ಜನರ ಜೊತೆ ನಮ್ಮ ಸಾಹೇಬರೂ ನಾಲ್ಕು ಹೆಜ್ಜೆ ಹಿಂದೆ ಸರಿದದ್ದನ್ನು ನಾನೇ ನೋಡಿದ್ದೇನೆ.

ಇಂಥ ಮನುಷ್ಯ ಸಂಜೆಯಾದರೆ ಖಾಕಿಯ ಮೇಲೆ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದರು. ವಾರದಲ್ಲಿ ಕೆಲವು ಸಂಜೆ ಚುರುಮುರಿ ಕಲಸಿದ ಗಿರ್ಮಿಟ್, ಕೆಲವು ಸಂಜೆ ಮಿರ್ಚಿ. ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುವವನು ಶಿಕ್ಷೆಗೆ ಒಳಗಾದವನು. ಠಾಣೆಯಲ್ಲಿ ಯಾರೂ “ಇವತ್ತು ಯಾವ ಕರೆಯೂ ಇಲ್ಲ” ಎಂದು ಬಾಯಿ ಬಿಟ್ಟು ಹೇಳಬಾರದು, ಹೇಳಿದರೆ ಕರೆ ಬರುತ್ತದೆ ಎಂದು ನಂಬಿಕೆ. ಹೇಳಿದವನಿಗೆ ಉಳ್ಳಾಗಡ್ಡಿ. ಹತ್ತಿ ಮಿಲ್ಲಿನ ಹೊಗೆಯಲ್ಲಿ ಕಣ್ಣು ಮುಚ್ಚದೆ ನಿಲ್ಲುವ ಗಂಡಸರು ಎರಡು ಉಳ್ಳಾಗಡ್ಡಿ ಮುಗಿಯುವುದರೊಳಗೆ ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ ಅಳುತ್ತಿದ್ದರು.

ಮಿರ್ಚಿಯ ವಿಷಯವೇ ಬೇರೆ. ಅದರ ಹಿಟ್ಟನ್ನು ಫಕ್ಕೀರಪ್ಪಣ್ಣ ಬಾಯಿಗೆ ಹಾಕಿ ನೋಡುತ್ತಿರಲಿಲ್ಲ, ಮೂಸಿ ನೋಡುತ್ತಿದ್ದರು. ಎಣ್ಣೆ ಕಾದಿದೆಯೇ ಎಂದು ಒಂದು ಹನಿ ಹಿಟ್ಟು ಬಿಟ್ಟು ಕಿವಿ ಕೊಡುತ್ತಿದ್ದರು. ಮೊದಲ ಮಿರ್ಚಿ ಎದ್ದ ಕೂಡಲೇ ಅದು ಕಾಗದದ ಮೇಲೆ ವಾಚ್‌ರೂಮಿಗೆ ಹೋಗಿ ಫೋನಿನ ಮುಂದೆ ಕೂರಬೇಕು. ದೇವರಿಗೆ ಎಡಿ ಹಿಡಿದ ಹಾಗೆ. ಕೊಟ್ಟರೆ ಫೋನು ಮನಸ್ಸು ತಂಪು ಮಾಡಿಕೊಂಡು ಸುಮ್ಮನಿರುತ್ತದೆ. ಕೊಡದಿದ್ದರೆ ಎಲ್ಲರೂ ಬಾಯಿ ತೆರೆದಾಗಲೇ ಬಡಿದುಕೊಳ್ಳುತ್ತದೆ. ರಾತ್ರಿಯ ಪಾಳಿ ಬದಲಾಗುವ ಮುಂಚೆ, ತಣ್ಣಗೆ ಆರಿ ಬೆಂಡಾದ ಆ ಮಿರ್ಚಿಯನ್ನು ವಾಚ್‌ರೂಮಿನವನು ಪ್ರಸಾದವೆಂದು ತಿನ್ನಬೇಕು. ಇದು ಕಾಯ್ದೆ.

ನಡುವೆ ಕರೆ ಬಂದೇಬಿಟ್ಟರೆ ಏನು? ಅದಕ್ಕೂ ಕಾಯ್ದೆ ಇತ್ತು: ಮೊದಲು ಒಲೆ, ಆಮೇಲೆ ಓಟ. ಒಲೆ ಆರಿಸಿ, ಅರ್ಧ ಬೆಂದ ಮಿರ್ಚಿಗಳನ್ನು ಎಣ್ಣೆಯಲ್ಲೇ ಬಿಟ್ಟು ಗಾಡಿ ಹತ್ತುವುದು. ವಾಪಸು ಬಂದು ಮತ್ತೆ ಕಾಯಿಸಿ ತೆಗೆಯುವುದು. ಎಣ್ಣೆ ಕುಡಿದು ಮೆತ್ತಗಾಗಿ, ಎರಡು ಸಲ ಬೆಂದ ಆ ಮಿರ್ಚಿಗೆ ಡ್ಯೂಟಿ ಮಿರ್ಚಿ ಎಂದು ಹೆಸರು. ಬಂಡಿಯವನು ಅಂಥದ್ದನ್ನು ಕೊಟ್ಟರೆ ನೀವು ಜಗಳವಾಡುತ್ತೀರಿ. ನಾವು ಪಾಲು ಹೆಚ್ಚು ಕಡಿಮೆಯಾಯಿತೆಂದು ಜಗಳವಾಡುತ್ತಿದ್ದೆವು.

ಲೆಕ್ಕದ ಹುಡುಗನಾದ ನನಗೆ ಫೋನಿನ ಎಡಿ ಒಪ್ಪಿಗೆಯಾಗಲಿಲ್ಲ. ಡೈರಿಯಲ್ಲಿ ಗೆರೆ ಎಳೆದು ಎರಡು ಅಂಕಣ ಮಾಡಿದೆ: ಮಿರ್ಚಿ ಕರಿದ ಸಂಜೆಗಳು, ಅವುಗಳಲ್ಲಿ ಕರೆ ಬಂದವು. ಗಿರ್ಮಿಟ್ಟಿನ ಸಂಜೆಗಳಿಗೂ ಹಾಗೆಯೇ. ಒಂದು ಮಳೆಗಾಲ, ಒಂದು ಸುಗ್ಗಿ ಕಳೆದ ಮೇಲೆ ಲೆಕ್ಕ ಹಾಕಿದೆ. ಅಂಕಿ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಫೋನಿಗೂ ಮಿರ್ಚಿಗೂ ಏನೂ ಸಂಬಂಧವಿಲ್ಲ. ಮಿರ್ಚಿಯ ಸಂಜೆಗಳಲ್ಲಿ ಹೆಚ್ಚಿನವು ಶಾಂತವಾಗಿಯೇ ಕಳೆದಿದ್ದವು. ಡೈರಿ ಹಿಡಿದು ಒಲೆಯ ಹತ್ತಿರ ಹೋಗಿ ಫಕ್ಕೀರಪ್ಪಣ್ಣನಿಗೆ ತೋರಿಸಿದೆ. ಅವರು ಸೌಟು ತಿರುವುತ್ತಲೇ ಪುಟ ನೋಡಿದರು.

“ಶಾಂತ ಇದ್ದೂ ಅಂತ ನೀನ ಬರದೀಯಲ್ಲೋ ತಮ್ಮಾ. ಎಡಿ ಇಟ್ಟೀವಲ್ಲ, ಮತ್ತ ಶಾಂತ ಇರದ ಏನ್ಮಾಡ್ತಾವ?”

ಇದಕ್ಕೆ ನನ್ನ ಹತ್ತಿರ ಅಂಕಣ ಇರಲಿಲ್ಲ. ಹಾಗಾದರೆ ಒಂದು ಸಂಜೆ ಎಡಿ ಇಡದೆ ನೋಡೋಣ ಎಂದು ಪಟ್ಟು ಹಿಡಿದೆ. ಎಲ್ಲರೂ ಕೈ ಎತ್ತಿ, ಬಹುಮತದ ಮೇಲೆ ಒಪ್ಪಿದರು. ಮಿರ್ಚಿ ಎದ್ದವು, ಫೋನಿಗೆ ಸಿಗಲಿಲ್ಲ. ನಾನು ಗೆದ್ದ ಮುಖ ಮಾಡಿಕೊಂಡು ಮೊದಲನೆಯದನ್ನು ಕಚ್ಚುವಷ್ಟರಲ್ಲಿ ಫೋನು ಬಡಿಯಿತು. ಮದುವೆ ಮನೆಯವರು. ನೀರಿನ ಟ್ಯಾಂಕರ್ ಬಂದಿಲ್ಲ, ಬೀಗರು ಬಂದಿದ್ದಾರೆ, ನಿಮ್ಮ ಗಾಡಿಯಲ್ಲಿ ಹೇಗೂ ನೀರು ತುಂಬಿರುತ್ತದಲ್ಲ, ಸ್ವಲ್ಪ ಬಿಟ್ಟು ಹೋಗುತ್ತೀರಾ ಎಂದು ಕೇಳಿದರು. ಇಲ್ಲವೆಂದು ನಯವಾಗಿ ಹೇಳಿ ಇಟ್ಟೆ. ಇದು ಬೆಂಕಿಯ ಕರೆಯಲ್ಲವಾದ್ದರಿಂದ ಲೆಕ್ಕಕ್ಕಿಲ್ಲ ಎಂದು ವಾದಿಸಿದೆ. ಚಾಲಕ ರಾಜೇಸಾಬ ಕಾಕಾ ಒಂದೇ ಪ್ರಶ್ನೆ ಕೇಳಿದರು.

“ಫೋನ್ ಬಡೀತೋ ಇಲ್ಲೋ?”

ಬಡಿದದ್ದು ಖರೆ. ಡೈರಿಯಲ್ಲಿ ‘ಸಂದೇಹ’ ಎಂದು ಮೂರನೆಯ ಅಂಕಣ ತೆರೆದೆ. ಅದರಲ್ಲಿ ಇಂದಿಗೂ ಅದೊಂದೇ ಗೀಟು ಇದೆ.

ರಾಜೇಸಾಬ ಕಾಕಾ ಮತ್ತು ಫಕ್ಕೀರಪ್ಪಣ್ಣ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಒಬ್ಬರು ಗಾಡಿ ಓಡಿಸಿದರೆ ಇನ್ನೊಬ್ಬರು ಪಕ್ಕದಲ್ಲಿ ಕೂತು ಹೇಗೆ ಓಡಿಸಬೇಕೆಂದು ಹೇಳುವವರು. ಒಬ್ಬರು ಮಿರ್ಚಿ ಕರಿದರೆ ಇನ್ನೊಬ್ಬರು ತಿನ್ನುತ್ತ ಉಪ್ಪು ಕಡಿಮೆ ಎನ್ನುವವರು. ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿದ್ದು ನನ್ನ ಡೈರಿಯಲ್ಲಿ ಎಲ್ಲಿಯೂ ದಾಖಲಾಗಿಲ್ಲ.

ಒಂದು ಸಂಜೆ ರಾಜೇಸಾಬ ಕಾಕಾ ಮಿರ್ಚಿ ಆರಿಬಿಟ್ಟಿದೆ ಎಂದು ತಕರಾರು ತೆಗೆದರು. ಫಕ್ಕೀರಪ್ಪಣ್ಣ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ.

“ಕುರ್ಚಿ ಮ್ಯಾಲ ಕುಂತು ತಿನ್ನಾವಂಗ ಆರಿದ್ದಂತ. ಇಷ್ಟು ವರ್ಷಾತು ಕರ್ಯಾಕ ಹತ್ತಿ, ಎಲ್ಲಾರ ಜೋಡಿ ಕುಂತು, ತಾಟು ಕೈಯಾಗ ಹಿಡಕೊಂಡು, ನಾ ಬಿಸೀದು ಒಂದರ ತಿಂದದ್ದು ನೋಡೀಯೇನು? ಕರ್ಯಾವಂಗ ಕಡೀದು, ಆರಿದ್ದು.”

ಹೌದಲ್ಲ ಎಂದು ನಮಗೆಲ್ಲ ಆಗಲೇ ಹೊಳೆಯಿತು. ಬೇರೆಯವರು ಕರಿಯುತ್ತೇವೆಂದರೆ ಅವರು ಒಲೆ ಬಿಟ್ಟುಕೊಡುತ್ತಿರಲಿಲ್ಲ. ನಾನು ಸೇರುವ ಮುಂಚೆ ಒಮ್ಮೆ ಗಂಟೆ ಬಾರಿಸಿದ ಗಡಿಬಿಡಿಯಲ್ಲಿ ಯಾವನೋ ಹುಡುಗ ಒಲೆ ಆರಿಸದೆ ಓಡಿದ್ದನಂತೆ. ವಾಚ್‌ರೂಮಿನವನ ಮೂಗು ಚುರುಕಾಗಿದ್ದರಿಂದ ಬಾಣಲೆ ಮಾತ್ರ ಕಪ್ಪಾಯಿತು. ಊರ ಬೆಂಕಿ ಆರಿಸಲು ಹೋದವರ ಮನೆಯೇ ಸುಟ್ಟಿತೆಂದು ಪತ್ರಿಕೆಯಲ್ಲಿ ಬರುವುದು ತಪ್ಪಿತು ಎಂದು ಫಕ್ಕೀರಪ್ಪಣ್ಣ ಆಗಾಗ ಹೇಳುತ್ತಿದ್ದರು. ಅಂದಿನಿಂದ ಒಲೆಯ ಗುಂಡಿ ಅವರ ಕೈಯಲ್ಲೇ.

ಅಂದು ಮಾತ್ರ, ನಾವೆಲ್ಲ ಪೀಡಿಸಿದ ಮೇಲೆ, ಒಂದು ವಚನ ಕೊಟ್ಟರು. “ರಿಟೈರ್ ಆಗೂ ದಿನ ಒಲಿ ನಿಮಗ ಕೊಡ್ತೀನಿ. ಅವತ್ತು ನಾ ಕುಂಡ್ರಾವ. ಎಲ್ಲಾರ ಜೋಡಿ. ಬಿಸೀದು.”

“ಹಂಡೆ, ಬರಕೊ,” ಎಂದರು ರಾಜೇಸಾಬ ಕಾಕಾ. “ಬರೀದಿದ್ರ ಈ ಮನಷ್ಯಾ ಅವತ್ತೂ ಒಲಿ ಮುಂದನ ನಿಂದರ್ತಾನ.”

ಬರೆದುಕೊಂಡೆ. ಹೊಸ ಪುಟ, ಹೊಸ ತಲೆಬರಹ: ‘ಫಕ್ಕೀರಪ್ಪಣ್ಣ ಬಿಸಿ ಮಿರ್ಚಿ ತಿಂದದ್ದು.’ ಕೆಳಗೆ ಒಂದು ಸೊನ್ನೆ. ಅವರ ನಿವೃತ್ತಿಗೆ ಆಗ ಇನ್ನೂ ಒಂದು ಚಳಿಗಾಲ, ಒಂದು ಬೇಸಿಗೆ ಬಾಕಿ ಇತ್ತು. ಆ ಸೊನ್ನೆಯನ್ನು ಒಂದು ಮಾಡುವುದು ಇಡೀ ಠಾಣೆಗೇ ಹಟವಾಯಿತು. ಹೋಳಿಯ ಸಂಜೆ ಮೋಸದಿಂದ ತಿನ್ನಿಸಲು ನೋಡಿದೆವು. ಬಾಯಿಯ ಹತ್ತಿರ ಹಿಡಿದರೆ, ಉರಿ ಜಾಸ್ತಿಯಾಗಿದೆ ಎನ್ನುತ್ತ ಬಾಣಲೆಯ ಕಡೆ ತಿರುಗಿದರು. ಕೊಟ್ಟ ಮಾತು ಮಾತೇ. ಕೊನೆಯ ದಿನವೆಂದರೆ ಕೊನೆಯ ದಿನವೇ.

ಆ ದಿನ ಮೇ ತಿಂಗಳ ಕಡೆಯ ದಿನ, ಶನಿವಾರ. ಮಧ್ಯಾಹ್ನ ಬೇವಿನ ಕೆಳಗೆ ಸಮಾರಂಭ. ಸಾಹೇಬರು ಮಾತಾಡಿದರು. ರಾಜೇಸಾಬ ಕಾಕಾ ಮಾತಾಡಲು ಎದ್ದು, ಮೈಕು ಹಿಡಿದು, ಮೈಕು ಸರಿಯಿಲ್ಲ ಎಂದು ಹೇಳಿ ಕೂತರು. ಮೈಕು ಸರಿಯಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಫಕ್ಕೀರಪ್ಪಣ್ಣ ಹೆಲ್ಮೆಟ್ಟನ್ನೂ ಬೂಟನ್ನೂ ಒಪ್ಪಿಸಿ, ಸಹಿ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಗಮ್‌ಬೂಟಿಲ್ಲದ ಅವರ ಕಾಲುಗಳು ಅಷ್ಟು ಸಣ್ಣವು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಮಾರಂಭ ಮುಗಿದು ಸಾಹೇಬರು ಮನೆಗೆ ಹೋದ ಮೇಲೆ ನಮ್ಮ ಸಮಾರಂಭ ಶುರುವಾಯಿತು. ಬೇವಿನ ಕೆಳಗೆ ಕುರ್ಚಿಗಳನ್ನು ದುಂಡಗೆ ಹಾಕಿದೆವು. ನಡುವಿನ ಕುರ್ಚಿಯಲ್ಲಿ ಶಾಲು ಹೊದ್ದ ಫಕ್ಕೀರಪ್ಪಣ್ಣ, ಕೈಯಲ್ಲಿ ಖಾಲಿ ತಾಟು. ಒಲೆಯ ಮುಂದೆ ಇಬ್ಬರು ಹುಡುಗರು. ಕೂತಲ್ಲಿಂದಲೇ ಫಕ್ಕೀರಪ್ಪಣ್ಣನ ಅಪ್ಪಣೆ ಹೊರಡುತ್ತಿತ್ತು: ಉರಿ ಸಣ್ಣ ಮಾಡು, ಹಿಟ್ಟು ತೆಳುವಾಯಿತು ನೋಡು, ಎಣ್ಣೆಯ ಸಪ್ಪಳ ನನಗೆ ಇಲ್ಲಿಗೆ ಕೇಳುತ್ತಿದೆ. ಕುರ್ಚಿಯಿಂದ ಎರಡು ಸಲ ಎದ್ದರು. ಎರಡು ಸಲವೂ ರಾಜೇಸಾಬ ಕಾಕಾ ಹೆಗಲು ಹಿಡಿದು ಕೂಡಿಸಿದರು. ನಾನು ವಾಚ್‌ರೂಮಿನ ಪಾಳಿಯಲ್ಲಿದ್ದೆ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದು, ಸೊನ್ನೆಯ ಪುಟ ತೆರೆದು ಇಟ್ಟುಕೊಂಡಿದ್ದೆ.

ಮೊದಲನೆಯ ಮಿರ್ಚಿ ಪದ್ಧತಿಯಂತೆ ಕಾಗದದ ಮೇಲೆ ನನ್ನ ಮೇಜಿಗೆ ಬಂತು. ಉಳಿದವು ಅವರ ತಾಟಿಗೆ. ಅವರು ಒಂದನ್ನು ತೊಟ್ಟು ಹಿಡಿದು ಎತ್ತಿದರು. ಒಮ್ಮೆ ಊದಿದರು.

ಫೋನು ಬಡಿಯಿತು.

ಇದು ಮದುವೆ ಮನೆಯಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆಗಿರಲಿಲ್ಲ. ಶಿಗ್ಲಿ ರಸ್ತೆ, ಜೋಳದ ಒಣ ದಂಟು, ಕಣಕಿ ಹೇರಿದ ಟ್ರ್ಯಾಕ್ಟರು, ಮೇಲಿನ ವಿದ್ಯುತ್ ತಂತಿ ತಾಗಿ ಬೆಂಕಿ. ಹೊತ್ತು, ಜಾಗ, ಕರೆ ಮಾಡಿದವರ ಹೆಸರು ಬರೆದುಕೊಂಡು ಗಂಟೆ ಬಾರಿಸಿದೆ. ಒಲೆ ಆರಿತು. ಅದನ್ನು ಮೊದಲು ನೋಡಿದೆ, ಖುಷಿಯಾಯಿತು. ಕುರ್ಚಿಗಳು ಉರುಳಿದವು, ಬೂಟುಗಳು ಓಡಿದವು. ಆ ಓಟದಲ್ಲಿ ಒಂದು ಜೊತೆ ಚಪ್ಪಲಿಯೂ ಇತ್ತು. ಫಕ್ಕೀರಪ್ಪಣ್ಣ ತಾಟನ್ನು ಕುರ್ಚಿಯ ಮೇಲಿಟ್ಟು, ಶಾಲಿನ ಸಮೇತ ಗಾಡಿಯ ಮುಂದಿನ ಬಾಗಿಲಿಗೆ ಹೋಗಿ, ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಾಗಿತ್ತು. ಇಂಜಿನ್ ಶುರುವಾಗಿತ್ತು. ರಾಜೇಸಾಬ ಕಾಕಾ ಸ್ಟೇರಿಂಗಿನ ಮೇಲಿಂದ ಅವರನ್ನು ನೋಡಿದರು. ಇಷ್ಟು ವರ್ಷ ಜಗಳಕ್ಕೆ ಬಳಸಿದ ದನಿಯನ್ನು ಬಿಟ್ಟು, ಬೇರೆಯೇ ದನಿಯಲ್ಲಿ ಹೇಳಿದರು:

“ಪಬ್ಲಿಕ್ ಹಿಂದ ಸರೀರಿ, ಫಕ್ಕೀರಪ್ಪ.”

ಫಕ್ಕೀರಪ್ಪಣ್ಣ ಕಾಲು ತೆಗೆದು ಹಿಂದೆ ಸರಿದರು. ಗಾಡಿ ಹೋಯಿತು.

ಅಂಗಳ ಖಾಲಿಯಾಯಿತು. ಗಾಡಿ ಹೋದ ಮೇಲೆ ಠಾಣೆ ಹೇಗಿರುತ್ತದೆಂದು ವಾಚ್‌ರೂಮಿನವನಿಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಅವರು ಯಾವಾಗಲೂ ಗಾಡಿಯಲ್ಲೇ ಇರುತ್ತಿದ್ದರು. ಸ್ವಲ್ಪ ಹೊತ್ತು ರಸ್ತೆ ನೋಡಿ, ತಾಟು ಎತ್ತಿಕೊಂಡು ನನ್ನ ಬಾಗಿಲಿಗೆ ಬಂದರು.

“ಪಬ್ಲಿಕ್ ಒಳಗ ಬರಬಹುದೇನ್ರಿ, ಹಂಡೆ ಸಾಹೇಬ್ರ?”

ಕುಂಡ್ರಿ ಅಣ್ಣಾ ಎಂದು ಕುರ್ಚಿ ಸರಿಸಿದೆ. ಮಿರ್ಚಿಗಳಿಂದ ಇನ್ನೂ ಹಬೆ ಏಳುತ್ತಿತ್ತು. ತಿನ್ನಿರಿ, ಬಿಸಿ ಇವೆ, ಪೆನ್ನು ತೆರೆದಿದೆ ಎಂದೆ. ಅವರು ಹೂಂ ಎಂದರು. ಒಂದು ಮಿರ್ಚಿ ಎತ್ತಿ, ನೋಡಿ, ಫೋನಿನ ಮುಂದೆ ಮೊದಲನೆಯದರ ಪಕ್ಕಕ್ಕೆ ಇಟ್ಟರು.

“ಇದು ರಾಜೇಸಾಬಂದು.”

ಇನ್ನೊಂದು ಎತ್ತಿ ಇಟ್ಟರು. ಅದು ಬಣವಿಯದು. ಮತ್ತೊಂದು, ಎಮ್ಮಿಯದು. ಪ್ರತಿಯೊಬ್ಬರ ಹೆಸರು ಹೇಳುತ್ತ, ಉರಿಯುವ ಕಣಕಿಯ ಎದುರು ಯಾರು ಎಲ್ಲಿ ನಿಂತಿರುತ್ತಾರೆಂದು ಅಂದಾಜು ಮಾಡುತ್ತ, ಹೋಸು ಯಾರ ಕೈಯಲ್ಲಿರಬಾರದಿತ್ತು ಎಂದು ಬೈಯುತ್ತ, ತಾಟು ಖಾಲಿ ಮಾಡಿದರು. ಒಂದೂ ಉಳಿಯಲಿಲ್ಲ. ಕಾಗದ ಸಾಲದೆ ಕಡೆಗೆ ಮಿರ್ಚಿಗಳನ್ನೆಲ್ಲ ಮತ್ತೆ ತಾಟಿಗೆ ತುಂಬಿ ತಾಟನ್ನೇ ಫೋನಿನ ಮುಂದೆ ಇಟ್ಟರು.

ಅಣ್ಣಾ, ಒಂದು ಸಾಕಲ್ಲವೇ ಎಂದು ಕೇಳಿದೆ.

“ಎಲ್ಲಾರೂ ಹೊರಗ ಅದಾರ. ಈಗ ಇನ್ನೊಂದು ಕರಿ ಬಂದ್ರ ಯಾರನ್ನ ಕಳಸ್ತೀ, ನನ್ನ? ಒಂದ್ರಾಗ ಇದು ಸುಮ್ಮ ಕುಂಡ್ರಂಗಿಲ್ಲೋ ತಮ್ಮಾ.”

ಎರಡನೆಯ ಗಾಡಿ ರಿಪೇರಿಗೆ ಹೋಗಿತ್ತೆಂಬುದು ನನಗೆ ಆಗ ನೆನಪಾಯಿತು. ಲೆಕ್ಕದ ಹುಡುಗ ನಾನು. ಲೆಕ್ಕ ಅವರ ತಲೆಯಲ್ಲಿತ್ತು. ಆಮೇಲೆ ಇಬ್ಬರೂ ಫೋನನ್ನು ನೋಡುತ್ತ ಕೂತೆವು. ಸಂಬಂಧವಿಲ್ಲ ಎಂದು ಅಂಕಣ ಹಾಕಿ ಸಾಧಿಸಿದ್ದ ನಾನು, ಒಂದು ಮಿರ್ಚಿ ತಾಟಿನಂಚಿಗೆ ಜಾರಿದಾಗ, ಅದನ್ನು ಸರಿಯಾಗಿ ಫೋನಿನ ಕಡೆಗೆ ತಿರುಗಿಸಿ ಇಟ್ಟೆ. ಅವರು ನೋಡಿದರು. ಅರ್ಧ ಹುಬ್ಬು ಮಾತ್ರ ಸ್ವಲ್ಪ ಮೇಲೆದ್ದಿತು.

ಹೊರಗೆ ದೀಪ ಹಾಕುವ ಹೊತ್ತಾಯಿತು. ವೈರ್‌ಲೆಸ್ಸು ಗೊರಗುಟ್ಟಿ ಮಾತಾಡಿತು. ಟ್ರೇಲರ್ ಬಿಡಿಸಿ ಟ್ರ್ಯಾಕ್ಟರು ಉಳಿಸಿದ್ದಾರೆ, ಬೆಂಕಿ ಆರಿದೆ, ಯಾರಿಗೂ ಏನೂ ಆಗಿಲ್ಲ, ವಾಪಸು ಹೊರಟಿದ್ದಾರೆ. ಫಕ್ಕೀರಪ್ಪಣ್ಣ ಉಸಿರು ಬಿಟ್ಟು, ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಟವೆಲ್ ಎಲ್ಲಿದೆ ಎಂದು ಕೇಳಿದರು. ಹುಡುಗರು ಹಸಿದು ಬರುತ್ತಾರೆ, ಒಲೆ ಹಚ್ಚಬೇಕು.

ಅವರು ಟವೆಲ್ ಸುತ್ತಿಕೊಂಡು ಅಡುಗೆಮನೆಯ ಬಾಗಿಲು ಮುಟ್ಟುವುದಕ್ಕೂ ಗಾಡಿ ಬರುವುದಕ್ಕೂ ಸರಿಹೋಯಿತು. ಮೈತುಂಬ ಮಸಿ, ತಲೆತುಂಬ ಕಣಕಿಯ ಚೂರು, ತೊಯ್ದ ಅಂಗಿ. ಒಲೆ ಹಚ್ಚುವವರೆಗೆ ಕಾಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ವಾಚ್‌ರೂಮಿಗೇ ನುಗ್ಗಿದರು. ಪದ್ಧತಿಯ ಪ್ರಕಾರ ಫೋನಿನ ಎಡಿ ವಾಚ್‌ರೂಮಿನವನಿಗೆ, ಆದ್ದರಿಂದ ಇಡೀ ತಾಟು ನನ್ನದು ಎಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾಜೇಸಾಬ ಕಾಕಾ ಅಡುಗೆಮನೆಗೆ ಹೋಗಿ ಟವೆಲಿನ ತುದಿ ಹಿಡಿದು ಫಕ್ಕೀರಪ್ಪಣ್ಣನನ್ನು ಎಳೆದುಕೊಂಡು ಬಂದರು.

“ಒಲಿ ಬಿಡು. ಪಬ್ಲಿಕ್‌ಗೆ ಅಡಿಗಿ ಮನ್ಯಾಗ ಏನ್ ಕೆಲಸ? ಕುಂಡ್ರು.”

ಅವರು ಕೂತರು. ಕುರ್ಚಿ ಇದ್ದದ್ದು ಮೂರು. ಉಳಿದವರು ನೆಲದ ಮೇಲೆ, ಬಾಗಿಲಲ್ಲಿ, ಮೇಜಿನ ಅಂಚಿನಲ್ಲಿ ಕೂತರು. ತಾಟು ಕೈಯಿಂದ ಕೈಗೆ ಹೋಯಿತು. ಮಿರ್ಚಿ ಕಲ್ಲಿನ ಹಾಗೆ ತಣ್ಣಗಾಗಿದ್ದವು. ಫಕ್ಕೀರಪ್ಪಣ್ಣ ಒಂದನ್ನು ಎತ್ತಿ, ಅಭ್ಯಾಸಬಲದಿಂದ ಒಮ್ಮೆ ಊದಿ, ಕಚ್ಚಿದರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು.

“ಉಪ್ಪು ಕಮ್ಮಿ ಐತಿ,” ಎಂದರು ರಾಜೇಸಾಬ ಕಾಕಾ, ಅವರ ಪರವಾಗಿ.

“ಇಲ್ಲೋ,” ಎಂದರು ಫಕ್ಕೀರಪ್ಪಣ್ಣ, ನಿಧಾನವಾಗಿ ನುರಿಸುತ್ತ. “ಬರೋಬರಿ ಐತಿ.”

ಆ ರಾತ್ರಿ ಸೊನ್ನೆಯ ಪುಟ ನೋಡುತ್ತ ಬಹಳ ಹೊತ್ತು ಕೂತೆ. ತಿಂದದ್ದು ಹೌದು, ಕೂತದ್ದು ಹೌದು, ಎಲ್ಲರ ಜೊತೆ ಹೌದು. ಬಿಸಿಯದಲ್ಲ. ತಲೆಬರಹಕ್ಕೆ ನಿಷ್ಠನಾಗಿ ಸೊನ್ನೆಯನ್ನು ಸೊನ್ನೆಯಾಗಿಯೇ ಬಿಟ್ಟೆ. ಆದರೆ ಹಾಗೆ ಬಿಟ್ಟದ್ದು ಸರಿಯೆನಿಸಲಿಲ್ಲ.

ಈ ಸಲ ದಸರಾ ಹೊತ್ತಿಗೆ ಲಕ್ಷ್ಮೇಶ್ವರದ ಸಂತೆಯಲ್ಲಿ ಅವರು ಸಿಕ್ಕಿದರು. ಕೈಚೀಲದ ತುಂಬ ದಪ್ಪ ಮೆಣಸಿನಕಾಯಿ. ಈಗಂತೂ ಮನೆಯಲ್ಲಿ ಕೂತು ಬಿಸಿ ಬಿಸಿ ತಿನ್ನುತ್ತಿರಬೇಕು, ಸೊನ್ನೆ ಅಳಿಸಿಬಿಡಲೇ ಎಂದು ಕೇಳಿದೆ. ಅವರು ಸುತ್ತ ಮುತ್ತ ನೋಡಿ, ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

“ನಿಮ್ಮ ವೈನಿ ಕರದು ಕೊಡ್ತಾಳ ಖರೆ. ಬಾಯಿ ಸುಡತೈತೋ ತಮ್ಮಾ. ಅಕಿ ಒಳಗ ಹ್ವಾದ ಮ್ಯಾಲ ಆರಾಕ ಇಟ್ಟು ತಿಂತೀನಿ. ರಾಜೇಸಾಬಗ ಹೇಳಬ್ಯಾಡ.”

ಹೇಳಿಲ್ಲ. ಬರೆದಿದ್ದೇನೆ ಅಷ್ಟೆ. ಹೊರಡುವಾಗ ಅವರನ್ನು ಇನ್ನೊಂದು ಪ್ರಶ್ನೆ ಕೇಳಿದೆ: ಫೋನಿಗೆ ಎಡಿ ಇಡುವುದನ್ನು ಶುರು ಮಾಡಿದವರು ಯಾರು? ಅವರೇ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಅವರು ಸೇರಿದಾಗಲೇ ಅದು ಇತ್ತಂತೆ. ಆಗಿನ ಹಿರಿಯರೊಬ್ಬರು ಬೇರೆ ಠಾಣೆಯಿಂದ ತಂದದ್ದಂತೆ. ಆ ಠಾಣೆ ಯಾವುದು, ಅಲ್ಲಿ ಇಡುತ್ತಿದ್ದದ್ದು ಮಿರ್ಚಿಯೋ ಬೇರೆಯೋ, ಅವರಿಗೂ ಗೊತ್ತಿಲ್ಲ.

ಈಗ ಏಳು ಗಂಟೆ ದಾಟಿದೆ. ಬರೆಯುವ ಭರದಲ್ಲಿ ನಾನು ಗಮನಿಸಿರಲಿಲ್ಲ. ಶಿವಾನಂದ ಯಾವಾಗಲೋ ಒಳಗೆ ಬಂದು, ಎಣ್ಣೆ ಕುಡಿದ ಪತ್ರಿಕೆಯ ತುಂಡು ತೆಗೆದು, ಮಿರ್ಚಿಯನ್ನು ಒಂದು ಚಿಕ್ಕ ಸ್ಟೀಲ್ ತಾಟಿನಲ್ಲಿ ಇಟ್ಟು ಹೋಗಿದ್ದಾನೆ. ತೊಟ್ಟು ಗೋಡೆಯ ಕಡೆ, ತುದಿ ಫೋನಿನ ಕಡೆ. ನಾನು ಅವನಿಗೆ ಏನೂ ಹೇಳಿರಲಿಲ್ಲ. ಡೈರಿಯ ಹಳೆಯ ಪುಟಕ್ಕೆ ಹೋಗಿ, ಸೊನ್ನೆಯನ್ನು ಹಾಗೆಯೇ ಬಿಟ್ಟು, ತಲೆಬರಹದಲ್ಲಿ ‘ಬಿಸಿ’ ಎಂಬುದನ್ನು ಒಂದು ಗೆರೆ ಎಳೆದು ಹೊಡೆದುಹಾಕಿದೆ. ಆಮೇಲೆ ಸೊನ್ನೆ ತಪ್ಪಾಗಿ ಕಂಡಿತು. ತಿದ್ದಿ ಒಂದು ಎಂದು ಬರೆದೆ. ನಾಳೆಯಿಂದ ಮಿರ್ಚಿ ಬಂಡಿಯಿಂದ ಬೇಡ, ಇಲ್ಲೇ ಕರಿಯೋಣ ಎಂದು ಶಿವಾನಂದನಿಗೆ ಹೇಳಬೇಕು. ಒಲೆಯ ಗುಂಡಿ ಮಾತ್ರ ನನ್ನ ಕೈಯಲ್ಲಿ.

ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಹಳೆಯ ಠಾಣೆಗಳಲ್ಲಿ ಇದ್ದವರು, ಅಥವಾ ಅಪ್ಪ, ಕಾಕಾ, ಮಾವ ಯಾರಾದರೂ ಅಲ್ಲಿ ದುಡಿದವರು ಇದ್ದರೆ, ಫೋನಿಗೆ ಎಡಿ ಇಡುವ ಈ ಪದ್ಧತಿ ಎಲ್ಲಿಂದ ಬಂತು, ಒಂದು ಮಿರ್ಚಿ ಸಾಕೋ ತಾಟು ತುಂಬ ಬೇಕೋ, ಗೊತ್ತಿದ್ದಷ್ಟು ನನಗೆ ಬರೆದು ತಿಳಿಸಿ. ಬರೆಯಿರಿ, ಫೋನು ಮಾತ್ರ ಮಾಡಬೇಡಿ. ಎಣ್ಣೆ ಕಾದಿರುತ್ತದೆ.